ಒಂದು ಕಂಠ, ಎರಡು ಕರಾರು: ರಾನಿ ಸ್ಪೆಕ್ಟರಳ ಬದುಕಿನ ಓದು

ಕಾವ್ಯಮೀಮಾಂಸೆಯ ತರಗತಿಯಲ್ಲಿ 'ಧ್ವನಿ' ಎಂಬ ಶಬ್ದ ಬಂದೊಡನೆ ವಿದ್ಯಾರ್ಥಿಗಳು ಆನಂದವರ್ಧನನ ಹೆಸರು ಬರೆದುಕೊಂಡು, ಅಭಿಧೆ, ಲಕ್ಷಣೆ, ವ್ಯಂಜನೆಗಳನ್ನು ಬಾಯಿಪಾಠ ಮಾಡಿ ಮುಗಿಸುವುದುಂಟು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಧ್ವನಿಯೆಂದರೆ ಮೊದಲು ಕಂಠದಿಂದ ಹೊರಡುವ ನಾದ. ಹೇಳಿದ ಮಾತಿನ ಆಚೆಗೆ ಹೊಳೆಯುವ ಅರ್ಥಕ್ಕೆ ಆ ಹೆಸರು ಬಂದದ್ದು ಆಮೇಲೆ. ಈ ಎರಡೂ ಅರ್ಥಗಳು ಒಬ್ಬಳೇ ಹೆಣ್ಣುಮಗಳ ಬದುಕಿನಲ್ಲಿ ಎದುರುಬದುರಾಗಿ ನಿಂತ ಪ್ರಸಂಗವೊಂದು ಅಮೆರಿಕದಲ್ಲಿ ನಡೆಯಿತು. ಆಕೆ ರಾನಿ ಸ್ಪೆಕ್ಟರ್. 1960ರ ದಶಕದಲ್ಲಿ ಹೆಸರಾದ 'ದಿ ರಾನೆಟ್ಸ್' ಎಂಬ ಗಾಯಕಿಯರ ತಂಡದ ಮುಖ್ಯ ಗಾಯಕಿ. ಆಕೆಯ ಕಂಠದ ದುಡಿಮೆಯಲ್ಲಿ ಆಕೆಗೆ ಎಷ್ಟು ಪಾಲು ಎಂಬ ಪ್ರಶ್ನೆಯನ್ನು ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2002ರಲ್ಲಿ ತೀರ್ಮಾನಿಸಿತು. ಆ ತೀರ್ಮಾನಕ್ಕೆ ಆಧಾರವಾದದ್ದು ಸಂಗೀತವಲ್ಲ. ಬರೆದಿಟ್ಟ ಒಂದು ಪಠ್ಯವನ್ನು ಹೇಗೆ ಓದಬೇಕು ಎಂಬ ನಿಯಮ. ಕನ್ನಡವನ್ನು ಐಚ್ಛಿಕವಾಗಿ ಓದುವವರು ಈ ಬದುಕಿನ ಕಡೆ ತಿರುಗಿ ನೋಡಲು ಅದೇ ಕಾರಣ.

ಅಲ್ಲಿ 'ಗರ್ಲ್ ಗ್ರೂಪ್' ಎಂದು ಕರೆಯುವ ತಂಡದಲ್ಲಿ ಮೂವರೋ ನಾಲ್ವರೋ ಹುಡುಗಿಯರು. ಒಬ್ಬಳು ಮುಂದೆ ನಿಂತು ಪದ ಹಾಡುವವಳು. ಉಳಿದವರು ಹಿಂದಿನಿಂದ ಸೊಲ್ಲು ಎತ್ತುವವರು. ಗೀಗೀ ಮೇಳ ಕಂಡವರಿಗೆ ಈ ಕಟ್ಟು ಹೊಸದಲ್ಲ. ವ್ಯತ್ಯಾಸ ಬೇರೊಂದು ಕಡೆ ಇದೆ. ಗೀಗೀ ಮೇಳದಲ್ಲಿ ತುಂತುಣಿ ಹಿಡಿದು ದನಿಗೂಡಿಸುವವರು ಯಾರೆಂಬುದು ಊರ ಜನರ ಕಣ್ಣೆದುರೇ ಇರುತ್ತದೆ. ಧ್ವನಿಮುದ್ರಿಕೆಯಲ್ಲಿ ಹಾಗಲ್ಲ, ತಟ್ಟೆಯ ಮೇಲೆ ಅಚ್ಚಾದ ಹೆಸರೇ ಸಾಕ್ಷಿ, ಆ ಸಾಕ್ಷಿ ಸುಳ್ಳೂ ಆಗಬಹುದು. 1962ರಲ್ಲಿ 'ಹೀ ಈಸ್ ಎ ರೆಬೆಲ್' ಎಂಬ ಹಾಡು 'ಕ್ರಿಸ್ಟಲ್ಸ್' ತಂಡದ ಹೆಸರಿನಲ್ಲಿ ಹೊರಬಂದು ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅದನ್ನು ಹಾಡಿದವಳು ಆ ತಂಡಕ್ಕೆ ಸೇರದ ಡಾರ್ಲೀನ್ ಲವ್. ಹಾಗೆ ಮಾಡಿಸಿದವನು ಫಿಲ್ ಸ್ಪೆಕ್ಟರ್ ಎಂಬ ಯುವ ನಿರ್ಮಾಪಕ. ಅವನ ಸಂಸ್ಥೆಯ ಹೆಸರು ಫಿಲೀಸ್ ರೆಕಾರ್ಡ್ಸ್. ರಾನಿಯ ಕಥೆಗೆ ಇಳಿಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ವೆರೋನಿಕಾ ಬೆನೆಟ್ ಹುಟ್ಟಿದ್ದು 1943ರ ಆಗಸ್ಟ್ 10ರಂದು ನ್ಯೂಯಾರ್ಕ್ ನಗರದಲ್ಲಿ. ತಾಯಿ ಕಪ್ಪು ಜನಾಂಗದ ಮತ್ತು ಚೆರೋಕೀ ಮೂಲನಿವಾಸಿಗಳ ವಂಶದವಳು. ತಂದೆ ಐರಿಷ್ ಮೂಲದ ಬಿಳಿಯ. ಅಕ್ಕ ಎಸ್ಟೆಲ್ ಮತ್ತು ಚಿಕ್ಕಮ್ಮನ ಮಗಳು ನೆಡ್ರಾ ಟ್ಯಾಲಿ ಜೊತೆ ಸೇರಿ ಅಜ್ಜಿಯ ಮನೆಯಲ್ಲಿ ಹಾಡುವುದು ಅವಳ ಬಾಲ್ಯದ ಆಟ. 1956ರಲ್ಲಿ ಫ್ರ್ಯಾಂಕಿ ಲೈಮನ್ ಎಂಬ ಹದಿಮೂರರ ಹುಡುಗನ ಹಾಡು ರೇಡಿಯೋದಲ್ಲಿ ಕೇಳಿಬಂದಾಗ, ಆ ಎಳೆಯ ಕಂಠದ ಏರಿಳಿತವನ್ನು ಅವಳು ಮತ್ತೆ ಮತ್ತೆ ಅನುಕರಿಸಿದಳು. ಹಾರ್ಲೆಮ್‌ನ ಅಪೋಲೊ ರಂಗಮಂದಿರದಲ್ಲಿ ಹವ್ಯಾಸಿಗಳಿಗೆ ಮೀಸಲಾದ ರಾತ್ರಿಯೊಂದಿತ್ತು. ಸರಿಬರದವರನ್ನು ಪ್ರೇಕ್ಷಕರು ಕೂಗಿ ಇಳಿಸಿಬಿಡುವ ವೇದಿಕೆ ಅದು. ಅಲ್ಲಿಯೂ ಈ ಹುಡುಗಿ ನಿಂತು ಹಾಡಿದಳು.

ತಂಡಕ್ಕೆ ಮೊದಲು 'ಡಾರ್ಲಿಂಗ್ ಸಿಸ್ಟರ್ಸ್' ಎಂಬ ಹೆಸರಿತ್ತು, ಬಳಿಕ 'ರಾನಿ ಅಂಡ್ ದ ರೆಲೆಟಿವ್ಸ್' ಆಯಿತು. 1961ರಲ್ಲಿ ಕೋಲ್‌ಪಿಕ್ಸ್ ಎಂಬ ಸಂಸ್ಥೆ ಅವರ ಕೆಲವು ಹಾಡುಗಳನ್ನು ಹೊರತಂದಿತಾದರೂ ಅವು ಓಡಲಿಲ್ಲ. ಹೆಸರು ತಂದದ್ದು ಮ್ಯಾನ್‌ಹಾಟನ್‌ನ ಪೆಪರ್‌ಮಿಂಟ್ ಲೌಂಜ್ ಎಂಬ ನೃತ್ಯಶಾಲೆ. ವಯಸ್ಸು ಹೆಚ್ಚಾಗಿ ಕಾಣಲೆಂದು ಕೂದಲನ್ನು ಜೇನುಗೂಡಿನಂತೆ ಎತ್ತರಕ್ಕೆ ಕಟ್ಟಿ, ಕಣ್ಣಿಗೆ ದಟ್ಟವಾಗಿ ಕಾಡಿಗೆ ತೀಡಿ, ಒಂದೇ ಬಗೆಯ ಉಡುಪು ತೊಟ್ಟು ಸಾಲಿನಲ್ಲಿ ನಿಂತಿದ್ದ ಮೂವರನ್ನು ಅಂದಿನ ನರ್ತಕಿಯರೆಂದೇ ಭಾವಿಸಿ ಅಲ್ಲಿಯವರು ಒಳಗೆ ಕರೆದರಂತೆ. ಮುಂದೆ ಆ ಕೇಶಶೈಲಿಯೇ ಅವರ ಗುರುತಾಯಿತು. ನಲವತ್ತು ವರ್ಷಗಳ ನಂತರ ಇಂಗ್ಲೆಂಡಿನ ಗಾಯಕಿ ಏಮಿ ವೈನ್‌ಹೌಸ್ ಅದನ್ನು ತನ್ನದಾಗಿಸಿಕೊಂಡಳು.

1963ರಲ್ಲಿ ಫಿಲ್ ಸ್ಪೆಕ್ಟರನ ಪರಿಚಯವಾಯಿತು. ಪರೀಕ್ಷಾರ್ಥವಾಗಿ ಹಾಡಿಸಿದಾಗ ರಾನಿ ಹಾಡಿದ್ದು ಬಾಲ್ಯದಲ್ಲಿ ಕಲಿತ ಅದೇ ಲೈಮನ್‌ನ ಹಾಡು. ತಾನು ಹುಡುಕುತ್ತಿದ್ದ ಕಂಠ ಇದೇ ಎಂದು ಆತ ಎದ್ದುನಿಂತನಂತೆ. ಮೊದಲು ಅವನಿಗೆ ಬೇಕಾಗಿದ್ದವಳು ರಾನಿಯೊಬ್ಬಳೇ. ಕರೆದುಕೊಳ್ಳುವುದಾದರೆ ಮೂವರನ್ನೂ ಕರೆದುಕೊಳ್ಳಬೇಕು, ಇಲ್ಲವಾದರೆ ಯಾರೂ ಇಲ್ಲ ಎಂದವಳು ತಾಯಿ. ಈ ಬದುಕಿನ ದಾಖಲೆಗಳಲ್ಲಿ ಹೆಣ್ಣುಮಕ್ಕಳ ಪರವಾಗಿ ಯಾರಾದರೂ ಒಂದು ಷರತ್ತು ಹಾಕಿ ಗೆದ್ದದ್ದು ಕಾಣುವುದು ಅಪರೂಪ. ಅದು ಈ ತಾಯಿಯ ಷರತ್ತು. ಅದೇ ವರ್ಷ ಮೂವರೂ ಫಿಲೀಸ್ ಸಂಸ್ಥೆಯೊಡನೆ ಐದು ವರ್ಷಗಳ ಕರಾರಿಗೆ ಸಹಿ ಮಾಡಿದರು. ಆಗ ರಾನಿಗೆ ಹತ್ತೊಂಬತ್ತು, ನೆಡ್ರಾಳಿಗೆ ಹದಿನೇಳು.

ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ 'ಬಿ ಮೈ ಬೇಬಿ' ಮುದ್ರಣಗೊಂಡಿತು. ಹಾಡು ಬರೆದವರು ಜೆಫ್ ಬ್ಯಾರಿ, ಎಲೀ ಗ್ರೀನ್‌ವಿಚ್ ಮತ್ತು ಸ್ಪೆಕ್ಟರ್. ಸ್ಪೆಕ್ಟರನ ಪದ್ಧತಿಗೆ 'ಶಬ್ದದ ಗೋಡೆ' ಎಂದು ಹೆಸರು. ಚಿಕ್ಕ ಕೋಣೆಯೊಂದರಲ್ಲಿ ಹಲವು ಗಿಟಾರು, ಹಲವು ಪಿಯಾನೊ, ತಾಳವಾದ್ಯ, ತಂತಿವಾದ್ಯಗಳನ್ನು ಒಟ್ಟಿಗೆ ನುಡಿಸುವುದು. ಆ ಶಬ್ದವನ್ನು ಪ್ರತಿಧ್ವನಿಯ ಕೋಣೆಗೆ ಹಾಯಿಸಿ ಮತ್ತೆ ಹಿಡಿಯುವುದು. ಯಾವ ವಾದ್ಯ ಯಾವುದೆಂದು ಬಿಡಿಸಿ ಹೇಳಲಾಗದಂತೆ ಎಲ್ಲವೂ ಒಂದೇ ಅಲೆಯಾಗಿ ಬರುತ್ತದೆ. ಹಾಡಿನ ಆರಂಭದಲ್ಲಿ ಮಾತ್ರ ಬೇರೇನೂ ಇಲ್ಲದೆ ಹ್ಯಾಲ್ ಬ್ಲೇನ್ ಬಾರಿಸುವ ಡ್ರಮ್ಮಿನ ಪೆಟ್ಟು: ಮೂರು ತಗ್ಗಿನ ಹೊಡೆತ, ಒಂದು ಬಿಗಿಯಾದ ಹೊಡೆತ. ಆಮೇಲೆ ಗೋಡೆ ಏಳುತ್ತದೆ. ಅಂಥ ಗೋಡೆಯ ಮುಂದೆ ಸಾಮಾನ್ಯ ಕಂಠ ಮುಳುಗಿಹೋಗಬೇಕು. ರಾನಿಯ ಕಂಠ ಮುಳುಗಲಿಲ್ಲ. ಅದು ತರಬೇತಿ ಪಡೆದ ದೊಡ್ಡ ಕಂಠವೇನೂ ಅಲ್ಲ. ಆದರೆ ಅದರಲ್ಲೊಂದು ನಡುಕವಿದೆ, ಮೂಗಿನ ಅಂಚಿಗೆ ತಾಗುವ ಒಂದು ಸಣ್ಣ ಹರಿತವಿದೆ. ಆ ಹರಿತವೇ ಗೋಡೆಯನ್ನು ಸೀಳಿಕೊಂಡು ಹೊರಬರುತ್ತದೆ. ಅರ್ಥವಿಲ್ಲದ ಆಲಾಪದಂತಹ ಸೊಲ್ಲುಗಳನ್ನು ಆಕೆ ಸ್ಟುಡಿಯೋದ ಹೆಂಗಸರ ಶೌಚಾಲಯದಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಳಂತೆ. ಅಲ್ಲಿನ ಗೋಡೆಗಳು ದನಿಯನ್ನು ಚೆನ್ನಾಗಿ ಮರಳಿಸುತ್ತಿದ್ದವು. ಕೇಳಿದವರ ನೆನಪಿನಲ್ಲಿ ಹೆಚ್ಚಾಗಿ ಉಳಿದದ್ದು ಬರೆದ ಸಾಹಿತ್ಯವಲ್ಲ, ಈ ಸೊಲ್ಲುಗಳು. ಅವು ಯಾವ ಕವಿಯವು? ಈ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ.

1963ರ ಅಕ್ಟೋಬರಿನಲ್ಲಿ ಹಾಡು ಬಿಲ್‌ಬೋರ್ಡ್ ಪಟ್ಟಿಯ ಎರಡನೆಯ ಸ್ಥಾನಕ್ಕೇರಿತು. ಮುಂದಿನ ಹಾಡು 'ಬೇಬಿ, ಐ ಲವ್ ಯು' ಮುದ್ರಣಗೊಂಡಾಗ ಅಕ್ಕನೂ ನೆಡ್ರಾಳೂ ಊರೂರು ಸಂಚಾರದಲ್ಲಿದ್ದರು. ಅಲ್ಲಿ ರಾನಿಯ ಜಾಗದಲ್ಲಿ ಇನ್ನೊಬ್ಬ ಸೋದರಸಂಬಂಧಿ ನಿಂತಿದ್ದಳು. ಇತ್ತ ಸ್ಟುಡಿಯೋದಲ್ಲಿ ಹಿಮ್ಮೇಳ ಹಾಡಿದವರಲ್ಲಿ ಡಾರ್ಲೀನ್ ಲವ್ ಮತ್ತು ಇನ್ನೂ ಹೆಸರಾಗದಿದ್ದ ಶೇರ್ ಇದ್ದರು. ವೇದಿಕೆಯ ಮೇಲೆ ಮುಖ್ಯ ಗಾಯಕಿಯಿಲ್ಲದ ತಂಡ, ತಟ್ಟೆಯ ಮೇಲೆ ತಂಡವಿಲ್ಲದ ಮುಖ್ಯ ಗಾಯಕಿ. ಎರಡಕ್ಕೂ ಹೆಸರು ಒಂದೇ. 1964ರ ಜನವರಿಯಲ್ಲಿ ಅವರು ಇಂಗ್ಲೆಂಡಿಗೆ ಹೋದಾಗ ಅವರ ಕಾರ್ಯಕ್ರಮಕ್ಕೆ ಮುನ್ನ ಹಾಡುತ್ತಿದ್ದವರು ರೋಲಿಂಗ್ ಸ್ಟೋನ್ಸ್. ಅದೇ ವರ್ಷದ ಕೊನೆಗೆ ಬಂದ ಆಲ್ಬಮ್ಮಿನ ಶೀರ್ಷಿಕೆ ರಾನೆಟ್ಸ್ ಹೆಸರಿನೊಡನೆ 'ಫೀಚರಿಂಗ್ ವೆರೋನಿಕಾ' ಎಂಬ ಬಾಲವನ್ನೂ ಹೊತ್ತಿತ್ತು. ತಂಡದಲ್ಲಿ ಒಬ್ಬಳ ಹೆಸರನ್ನು ಬೇರೆಯಾಗಿ ಕೊರೆದಿಡುವುದು ಮನ್ನಣೆಯೂ ಹೌದು, ಬಿರುಕೂ ಹೌದು.

1966ರಲ್ಲಿ ಬೀಟಲ್ಸ್ ಅಮೆರಿಕದಲ್ಲಿ ಕೊನೆಯ ಬಾರಿ ಸಂಚರಿಸಿದಾಗ ರಾನೆಟ್ಸ್ ಅವರ ಜೊತೆಗಿದ್ದರು. ರಾನಿ ಇರಲಿಲ್ಲ, ಸ್ಪೆಕ್ಟರ್ ಕಳುಹಿಸಲಿಲ್ಲ. 1967ರಲ್ಲಿ ತಂಡ ಮುರಿಯಿತು. 1968ರ ಏಪ್ರಿಲ್‌ನಲ್ಲಿ ಆಕೆ ಸ್ಪೆಕ್ಟರನನ್ನು ಮದುವೆಯಾದಳು. ನಂತರದ ನಾಲ್ಕು ವರ್ಷಗಳ ಬಗ್ಗೆ ಆಕೆ 1990ರ ಆತ್ಮಕಥೆಯಲ್ಲಿ ಬರೆದಿರುವುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ: ಮುಳ್ಳುತಂತಿಯ ಬೇಲಿ, ಕಾವಲು ನಾಯಿ, ಹೊರಗೆ ಹೋಗದಂತೆ ಕಸಿದಿಟ್ಟ ಪಾದರಕ್ಷೆ. 1972ರಲ್ಲಿ ತಾಯಿಯ ನೆರವಿನಿಂದ ಬರಿಗಾಲಿನಲ್ಲಿ ಆ ಮನೆಯಿಂದ ಹೊರಬಂದಳು. 1974ರಲ್ಲಿ ವಿಚ್ಛೇದನವಾಯಿತು. ಹೊರಜಗತ್ತಿಗೆ ಹಾಡು ಕೇಳಿಸುತ್ತಲೇ ಇದ್ದ ಕಾಲದಲ್ಲಿ ಹಾಡಿದವಳ ದನಿ ಮನೆಯೊಳಗೆ ಅಡಗಿತ್ತು ಎಂಬುದಷ್ಟೇ ಇಲ್ಲಿ ಗಮನಿಸತಕ್ಕ ಮಾತು.

ಇನ್ನು ಕರಾರುಗಳ ವಿಷಯ. 'ಕರಾರು', 'ಹಕ್ಕು', 'ವಸೂಲಿ' ಇವು ಮರಾಠಿಗೂ ಕನ್ನಡಕ್ಕೂ ಸಮಾನವಾದ ಶಬ್ದಗಳು. ಎರಡೂ ನುಡಿಗಳಿಗೆ ಇವು ಪಾರಸಿ ಆಡಳಿತದ ಕಾಗದಪತ್ರಗಳಿಂದ ಬಂದವು. ಕನ್ನಡದಲ್ಲಿ ಹೆಚ್ಚುಕಡಿಮೆಯಿಲ್ಲದ ಮಾತಿಗೆ 'ಕರಾರುವಾಕ್ಕು' ಎನ್ನುವುದೂ ಉಂಟು. 1963ರ ಕರಾರು ಹಾಗೆ ಕರಾರುವಾಕ್ಕಾಗಿತ್ತೇ ಎಂಬುದೇ ಮುಂದಿನ ವ್ಯಾಜ್ಯದ ತಿರುಳು. ಧ್ವನಿಮುದ್ರಣಗಳೂ ಅವುಗಳಲ್ಲಿ ಅಡಕವಾದ ಗಾಯನವೂ ಪೂರ್ತಿಯಾಗಿ ಸಂಸ್ಥೆಯ ಸೊತ್ತು ಎಂದು ಅದರಲ್ಲಿ ಬರೆದಿತ್ತು. ಮುದ್ರಿಕೆಗಳ ಮಾರಾಟದ ಮೇಲೆ ಗಾಯಕಿಯರಿಗೆ ಇಂತಿಷ್ಟು ಗೌರವಧನ ಎಂದೂ ಬರೆದಿತ್ತು. ಆದರೆ ಮೂವರಿಗೂ ಸೇರಿ ಸಿಕ್ಕಿದ್ದು ಆರಂಭದ ಮುಂಗಡ, ಸುಮಾರು 15,000 ಡಾಲರ್. ಆಮೇಲೆ ಗೌರವಧನವೆಂದು ಒಂದು ಕಾಸೂ ಬರಲಿಲ್ಲ. ಧ್ವನಿಮುದ್ರಣಗಳಿಗೆ ಅಮೆರಿಕದ ಕೇಂದ್ರ ಕೃತಿಸ್ವಾಮ್ಯ ಕಾನೂನಿನ ರಕ್ಷಣೆ ದೊರೆತದ್ದೇ 1972ರ ಫೆಬ್ರವರಿಯ ನಂತರದ ಮುದ್ರಣಗಳಿಗೆ. ಹೀಗಾಗಿ ಈ ಹುಡುಗಿಯರಿಗೆ ಇದ್ದ ಆಸರೆಯೆಂದರೆ ಆ ಕಾಗದವೊಂದೇ.

1987ರಲ್ಲಿ 'ಡರ್ಟಿ ಡ್ಯಾನ್ಸಿಂಗ್' ಎಂಬ ಚಲನಚಿತ್ರದ ಆರಂಭದಲ್ಲಿ 'ಬಿ ಮೈ ಬೇಬಿ' ಕೇಳಿಬಂದಿತು. ಹಳೆಯ ಹಾಡುಗಳಿಗೆ ಮತ್ತೆ ಬೇಡಿಕೆ ಕುದುರಿ ಸಿನಿಮಾ, ದೂರದರ್ಶನ, ಜಾಹೀರಾತುಗಳಿಗೆ ಅವುಗಳನ್ನು ಬಳಸಲು ಕೊಟ್ಟ ಪರವಾನಗಿಯಿಂದ ಒಡೆಯರಿಗೆ ಹಣ ಹರಿಯತೊಡಗಿತು. ಆ ದಶಕದ ಕೊನೆಯ ಭಾಗದಲ್ಲಿ ಮೂವರೂ ಗಾಯಕಿಯರು ದಾವೆ ಹೂಡಿದರು. ವಿಚಾರಣಾ ನ್ಯಾಯಾಲಯ 2000ದಲ್ಲಿ ಬಡ್ಡಿ ಸೇರಿ ಸುಮಾರು 30 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಸಿನಿಮಾ ಬಳಕೆಯ ಮಾತು ಕರಾರಿನಲ್ಲಿ ಇಲ್ಲ. ಇಲ್ಲದ್ದರಿಂದ ಅದು ಒಡೆಯನಿಗೆ ಹೋದ ಹಕ್ಕಲ್ಲ. ಆದಕಾರಣ ಆ ವೃತ್ತಿಯ ರೂಢಿಯಂತೆ ಪಾಲು ಸಲ್ಲಬೇಕು ಎಂಬುದು ಆ ನ್ಯಾಯಾಲಯದ ಓದು.

2002ರ ಅಕ್ಟೋಬರಿನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಈ ಓದನ್ನು ಒಪ್ಪಲಿಲ್ಲ. ಕಾಗದದ ನಾಲ್ಕು ಅಂಚುಗಳ ಒಳಗೆ ಏನಿದೆಯೋ ಅದೇ ಕರಾರು. ಮಾತು ಸ್ಪಷ್ಟವಾಗಿದ್ದರೆ ಹೊರಗಿನ ಸಾಕ್ಷ್ಯ ತಂದು ಅದರಲ್ಲಿ ಸಂದಿಗ್ಧತೆ ಹುಟ್ಟಿಸಬಾರದು. ಪೂರ್ತಿಯಾಗಿ ಕೊಟ್ಟದ್ದರಲ್ಲಿ ಇದನ್ನು ಕೊಟ್ಟಿಲ್ಲ ಎಂದು ವಿಶೇಷವಾಗಿ ಬರೆಸದೇ ಹೋದರೆ ಎಲ್ಲವೂ ಕೊಟ್ಟಂತೆಯೇ. ಮೌನವೆಂದರೆ ಸಂದಿಗ್ಧವಲ್ಲ. ಆದ್ದರಿಂದ ಮುದ್ರಿಕೆಗಳ ಮಾರಾಟದ ಗೌರವಧನ ಕರಾರಿನ ಲೆಕ್ಕದಂತೆ ಸಲ್ಲಬೇಕು. ಸಿನಿಮಾ, ದೂರದರ್ಶನದ ಪರವಾನಗಿಯ ಪಾಲು ಇಲ್ಲ. ಗಾಯಕಿಯರ ಸ್ಥಿತಿಯ ಬಗ್ಗೆ ನ್ಯಾಯಾಲಯ ಮರುಕ ತೋರಿತು. ಮರುಕದಿಂದ ಕರಾರನ್ನು ತಿದ್ದಿ ಬರೆಯಲಾಗದೆಂದೂ ಹೇಳಿತು.

ಗ್ರಂಥಸಂಪಾದನೆ ಓದಿದವರಿಗೆ ಈ ತತ್ತ್ವ ಪರಿಚಿತವೇ. ಓಲೆಯಲ್ಲಿ ಹುಳು ತಿಂದ ಜಾಗಕ್ಕೆ ಸಂಪಾದಕ ತನಗೆ ತೋಚಿದ ಅಕ್ಷರ ತುಂಬಿ ಅದೇ ಕವಿಯ ಪಾಠವೆಂದು ಅಚ್ಚು ಹಾಕಬಾರದು. ಹಾಗೆ ನೋಡಿದರೆ ನ್ಯಾಯಾಲಯದ ಶಿಸ್ತನ್ನು ಹಳಿಯುವುದು ಸುಲಭವಲ್ಲ. 1963ರಲ್ಲಿ ಸಿನಿಮಾ ಹೊಸದೇನಲ್ಲ. ಬೇಕಿದ್ದರೆ ಒಂದು ಸಾಲು ಬರೆಸಬಹುದಿತ್ತು. ಆದರೆ ಬರೆಸಬೇಕಾದವರು ಯಾರು? ಹತ್ತೊಂಬತ್ತರ ಮತ್ತು ಹದಿನೇಳರ ಹುಡುಗಿಯರೇ? ಅಭಿಧೆಯನ್ನಷ್ಟೇ ಹಿಡಿದು ಓದುವ ಕ್ರಮ ಎಲ್ಲರಿಗೂ ಸಮ ಎನ್ನುವಾಗ, ಲೇಖನಿ ಮೊದಲಿನಿಂದಲೂ ಯಾರ ಕೈಯಲ್ಲಿತ್ತು ಎಂಬುದನ್ನು ಅದು ಕೇಳುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಬಾಯಿಗೆ ಬರುತ್ತದೆ. ಅದು ಮಾತಾಡಲು ಬಲ್ಲವರ ಮೌನಕ್ಕೆ ಸಲ್ಲುವ ಮಾತು.

ಅದೇ ತೀರ್ಪಿನಲ್ಲಿ ಇನ್ನೊಂದು ಓದು ಇದೆ. ವಿದ್ಯಾರ್ಥಿಗಳು ಅದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1974ರ ವಿಚ್ಛೇದನದಲ್ಲಿ ರಾನಿ ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಮಾಡಿದ್ದಳು. ಗಂಡನ ಮೇಲೂ ಅವನ ಸಂಸ್ಥೆಗಳ ಮೇಲೂ ಇರುವ ಎಲ್ಲ ಹಕ್ಕುಕೇಳಿಕೆಗಳನ್ನು, ಹಿಂದಿನವನ್ನೂ ಮುಂದಿನವನ್ನೂ, ಬಿಟ್ಟುಕೊಟ್ಟಂತೆ ಅದರ ಮಾತು ವಿಶಾಲವಾಗಿತ್ತು. ಇದರ ಬಲದಿಂದ, ಉಳಿದಿಬ್ಬರಿಗೆ ಕೊಟ್ಟರೂ ರಾನಿಗೆ ಏನೂ ಕೊಡಬೇಕಾಗಿಲ್ಲ ಎಂದು ಎದುರಾಳಿಗಳು ವಾದಿಸಿದರು. ಅಕ್ಷರಕ್ಕೆ ಅಂಟಿಕೊಂಡರೆ ಅವರ ವಾದ ಗೆಲ್ಲಬೇಕಾಗಿತ್ತು. ಆದರೆ ಆ ಪತ್ರ ಕ್ಯಾಲಿಫೋರ್ನಿಯಾದ್ದು, ಅದಕ್ಕೆ ಅನ್ವಯಿಸುವುದು ಅಲ್ಲಿನ ಕಾನೂನು. ಅಲ್ಲಿ ಬರೆದ ಮಾತಿನ ಜೊತೆಗೆ, ಬರೆದವರ ಉದ್ದೇಶ ಏನಿತ್ತು ಎಂಬುದಕ್ಕೆ ಹೊರಗಿನ ಸಾಕ್ಷ್ಯವನ್ನೂ ನೋಡಬಹುದು. ಹಾಗೆ ನೋಡಿದಾಗ 1963ರ ಕರಾರಿನ ಗೌರವಧನವನ್ನು ಬಿಟ್ಟುಕೊಡುವ ಉದ್ದೇಶ ಆ ಪತ್ರಕ್ಕೆ ಇರಲಿಲ್ಲವೆಂದು ನಿರ್ಣಯವಾಯಿತು. ರಾನಿಯ ಪಾಲು ಉಳಿಯಿತು.

ಒಬ್ಬಳೇ ಹೆಣ್ಣು, ಒಂದೇ ನ್ಯಾಯಪೀಠ, ಒಂದೇ ದಿನದ ತೀರ್ಪು. ಮೊದಲ ಪತ್ರವನ್ನು ವಾಚ್ಯಾರ್ಥದಿಂದ ಓದಿದ್ದರಿಂದ ಆಕೆ ಸೋತಳು. ಎರಡನೆಯದನ್ನು ತಾತ್ಪರ್ಯದಿಂದ ಓದಿದ್ದರಿಂದ ಉಳಿದಳು. ತಾತ್ಪರ್ಯ ನಿರ್ಣಯಕ್ಕೆ ಮೀಮಾಂಸಕರು ಉಪಕ್ರಮ, ಉಪಸಂಹಾರ ಮೊದಲಾದ ಆರು ಗುರುತುಗಳನ್ನು ಹೇಳಿದ್ದು ಕೇವಲ ಯಜ್ಞವಾಕ್ಯಗಳಿಗೆ ಎಂದು ತಿಳಿದವರು ಈ ಹಣಕಾಸಿನ ಲೆಕ್ಕವನ್ನೂ ಗಮನಿಸಬೇಕು. ಅರ್ಥನಿರ್ಣಯದ ಕ್ರಮ ಬದಲಾದರೆ ಒಬ್ಬರ ಮನೆಯ ಅನ್ನ ಬದಲಾಗುತ್ತದೆ.

ವ್ಯಾಜ್ಯದ ವರ್ಷಗಳಲ್ಲಿ ಹಾಡು ನಿಂತಿರಲಿಲ್ಲ. 1986ರಲ್ಲಿ ಎಡ್ಡೀ ಮನಿಯ 'ಟೇಕ್ ಮಿ ಹೋಮ್ ಟುನೈಟ್' ಹಾಡಿನ ನಡುವೆ ರಾನಿ ತನ್ನ ಹಳೆಯ ಸೊಲ್ಲನ್ನು ಮತ್ತೆ ಎತ್ತಿದಳು. ಆ ಹಾಡು ಪಟ್ಟಿಯ ನಾಲ್ಕನೆಯ ಸ್ಥಾನಕ್ಕೆ ಬಂದು ಆಕೆಯನ್ನು ಮತ್ತೆ ವೇದಿಕೆಗೆ ಕರೆತಂದಿತು. 1999ರಲ್ಲಿ ಪಂಕ್ ಗಾಯಕ ಜೋಯಿ ರಮೋನ್ ಆಕೆಯ ಕಿರು ಆಲ್ಬಮ್ಮಿಗೆ ಕೈಜೋಡಿಸಿದ. 2006ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ 'ಬಿ ಮೈ ಬೇಬಿ'ಯನ್ನು ಸೇರಿಸಿತು. 2007ರಲ್ಲಿ ರಾನೆಟ್ಸ್ ತಂಡ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಬರಮಾಡಿಕೊಂಡವನು, ಒಂದು ಕಾಲದಲ್ಲಿ ಅವರ ಮುನ್ನ ಹಾಡುತ್ತಿದ್ದ ತಂಡದ ಕೀತ್ ರಿಚರ್ಡ್ಸ್. ಅಂದು ಮೂವರೂ ಬಂದಿದ್ದರು. ಎಸ್ಟೆಲ್ ಹೆಚ್ಚು ಮಾತಾಡಲಿಲ್ಲ. ತಂಡ ಮುರಿದ ಮೇಲೆ ಆಕೆಯ ಬಹುಪಾಲು ಬದುಕು ಮಾನಸಿಕ ಅಸ್ವಾಸ್ಥ್ಯದಲ್ಲಿ, ಕೆಲವು ಕಾಲ ಮನೆಯೇ ಇಲ್ಲದೆ ಕಳೆಯಿತು, 2009ರಲ್ಲಿ ತೀರಿಕೊಂಡಳು. ಮುಖ್ಯ ಗಾಯಕಿಯ ಚರಿತ್ರೆ ಬರೆಯುವವರು ಹಿಮ್ಮೇಳದ ಈ ಅಕ್ಕನಿಗೆ ಸಾಮಾನ್ಯವಾಗಿ ಎರಡು ವಾಕ್ಯ ಕೊಡುತ್ತಾರೆ. ಇಲ್ಲಿಯೂ ಹೆಚ್ಚು ಕೊಟ್ಟಂತಾಗಲಿಲ್ಲ.

ಫಿಲ್ ಸ್ಪೆಕ್ಟರ್ 2009ರಲ್ಲಿ ನಟಿಯೊಬ್ಬಳ ಕೊಲೆಗಾಗಿ ಶಿಕ್ಷೆಗೊಳಗಾಗಿ, 2021ರ ಜನವರಿಯಲ್ಲಿ ಬಂಧನದಲ್ಲಿರುವಾಗಲೇ ಸತ್ತ. ನಿರ್ಮಾಪಕನಾಗಿ ಆತ ಮೇಧಾವಿ, ಗಂಡನಾಗಿ ಕೆಟ್ಟವನು ಎಂದು ಆಗ ಬರೆದ ರಾನಿ, ಹಾಡನ್ನೂ ಮನುಷ್ಯನನ್ನೂ ಬೇರೆ ಬೇರೆಯಾಗಿಯೇ ಇಟ್ಟಳು. ಒಂದು ವರ್ಷ ತುಂಬುವ ಮೊದಲೇ, 2022ರ ಜನವರಿ 12ರಂದು, ಕ್ಯಾನ್ಸರಿನಿಂದ ಆಕೆಯೂ ತೀರಿಕೊಂಡಳು, ಎಪ್ಪತ್ತೆಂಟು ವರ್ಷವಾಗಿತ್ತು.

ವಚನಕ್ಕೆ, ಕೀರ್ತನೆಗೆ, ಗೀಗೀ ಪದಕ್ಕೂ ಕೊನೆಯಲ್ಲಿ ಅಂಕಿತವಿರುತ್ತದೆ, ಅದು ಕಟ್ಟಿದವರದು. ಹಾಡಿದವರಿಗೆ ಅಂಕಿತವಿಲ್ಲ. ರಾನಿಯ ದಾಖಲೆಗಳನ್ನು ಹರಡಿಕೊಂಡು ಕುಳಿತರೆ ನಾಲ್ಕು ಹೆಸರುಗಳು ಕಾಣುತ್ತವೆ. ಹುಟ್ಟಿನ ಕಾಗದದಲ್ಲಿ ಬೆನೆಟ್. ಆಲ್ಬಮ್ಮಿನ ಮೇಲೆ ಬರಿಯ ವೆರೋನಿಕಾ. 1982ರಲ್ಲಿ ಜೊನಾಥನ್ ಗ್ರೀನ್‌ಫೀಲ್ಡ್‌ನನ್ನು ಮದುವೆಯಾದ್ದರಿಂದ ನ್ಯಾಯಾಲಯದ ಕಡತದಲ್ಲಿ ಗ್ರೀನ್‌ಫೀಲ್ಡ್. ವೇದಿಕೆಯ ಭಿತ್ತಿಪತ್ರದಲ್ಲಿ ಮಾತ್ರ ಕೊನೆಯವರೆಗೂ ಸ್ಪೆಕ್ಟರ್. ಬರಿಗಾಲಿನಲ್ಲಿ ಬಿಟ್ಟುಬಂದ ಮನೆಯ ಹೆಸರು. ಜನ ಆ ಕಂಠವನ್ನು ಆ ಹೆಸರಿನಿಂದಲೇ ಕೇಳಿ ಬರುತ್ತಿದ್ದರು.